ಬಿಸಿಲು ಬಾರದ ಬೇಸಿಗೆಯಲ್ಲಿ ಹಸಿರುಮನೆಯ ತರಕಾರಿ

ಬ್ರಿಟನ್ನಿನಲ್ಲಿ 2024ರ ಬೇಸಿಗೆ 2015ರ ನಂತರದ ಅತ್ಯಂತ ತಂಪಾದ ಬೇಸಿಗೆಯಾಗಿತ್ತು. ಜೂನ್‌ನಿಂದ ಆಗಸ್ಟ್‌ವರೆಗಿನ ಮೂರು ತಿಂಗಳ ಸರಾಸರಿ ಉಷ್ಣಾಂಶ 14.37 ಡಿಗ್ರಿ ಸೆಲ್ಸಿಯಸ್ ಎಂದು ಇಲ್ಲಿನ ಹವಾಮಾನ ಇಲಾಖೆ ದಾಖಲಿಸಿದೆ. ಮರುವರ್ಷ, 2025ರಲ್ಲಿ, ಅದೇ ಇಲಾಖೆಯ ದಾಖಲೆಗಳಲ್ಲೇ ಅತಿ ಬಿಸಿಯಾದ ಬೇಸಿಗೆ ಬಂತು. ಫೆಬ್ರವರಿಯ ಕೊನೆಯಲ್ಲಿ ಮನೆಯೊಳಗಿನ ಕಿಟಕಿಕಟ್ಟೆಯ ಮೇಲೆ ಬದನೆ, ಮೆಣಸಿನಕಾಯಿಯ ಬೀಜ ಹಾಕುವಾಗ ಈ ಎರಡರಲ್ಲಿ ಯಾವುದು ಎದುರಾಗುವುದೆಂದು ಹೇಳಬಲ್ಲವರು ಯಾರೂ ಇಲ್ಲ. ಹೀಗಾಗಿ, ಉತ್ತರ ಇಂಗ್ಲೆಂಡಿನ ಯಾರ್ಕ್‌ಷೈರ್‌ನಲ್ಲಿ ಆರು ಅಡಿ ಅಗಲ, ಎಂಟು ಅಡಿ ಉದ್ದದ, ಹೀಟರ್ ಇಲ್ಲದ ಗಾಜಿನ ಹಸಿರುಮನೆಯಲ್ಲಿ ತರಕಾರಿ ಬೆಳೆಯುವ ನಾನು, ಪ್ರತಿ ವರ್ಷವೂ ಬೇಸಿಗೆ ಕೈಕೊಡುತ್ತದೆ ಎಂದುಕೊಂಡೇ ತಯಾರಿ ಮಾಡಿಕೊಳ್ಳುತ್ತೇನೆ. ಬಿಸಿಲು ಬಂದರೆ ಅದು ಲಾಭದ ಲೆಕ್ಕಕ್ಕೆ ಸೇರುತ್ತದೆ.

ಈ ಬರಹವನ್ನು ಮುಖ್ಯವಾಗಿ ಬ್ರಿಟನ್, ಐರ್ಲೆಂಡ್‌ಗಳಲ್ಲಿ ಇರುವ, ಊರಿನ ಕೃಷಿಯ ನೆನಪನ್ನು ಇಟ್ಟುಕೊಂಡು ಇಲ್ಲಿ ಮಣ್ಣಿಗೆ ಕೈಹಾಕಿದ ಕನ್ನಡಿಗರಿಗಾಗಿ ಬರೆಯುತ್ತಿದ್ದೇನೆ. ಊರಿನಲ್ಲಿ ಕಲಿತ ಎಷ್ಟೋ ಸಂಗತಿಗಳು ಇಲ್ಲಿಯೂ ಉಪಯೋಗಕ್ಕೆ ಬರುತ್ತವೆ. ಆದರೆ ಕೆಲವನ್ನು, ಅದರಲ್ಲೂ ನೀರು ಹಾಕುವ ಅಭ್ಯಾಸವನ್ನು, ಬುಡಸಮೇತ ಬದಲಿಸಿಕೊಳ್ಳಬೇಕಾಗುತ್ತದೆ.

ಯಾವ ಗಿಡ ಎಷ್ಟು ಚಳಿ ತಾಳುತ್ತದೆ

ಮೊದಲು ಕೊಳ್ಳಬೇಕಾದ ಸಾಧನ ಗರಿಷ್ಠ ಮತ್ತು ಕನಿಷ್ಠ ಉಷ್ಣಾಂಶ ಎರಡನ್ನೂ ತೋರಿಸುವ ಉಷ್ಣಮಾಪಕ. ಅದನ್ನು ಬಿಸಿಲು ನೇರವಾಗಿ ಬೀಳದಂತೆ, ಗಿಡದ ಎತ್ತರದಲ್ಲಿ ತೂಗುಹಾಕಬೇಕು. ತಂಪು ಬೇಸಿಗೆಯಲ್ಲಿ ಮಧ್ಯಾಹ್ನದ ಅಂಕಿಗಿಂತ ರಾತ್ರಿಯ ಕನಿಷ್ಠ ಅಂಕಿಯೇ ಹೆಚ್ಚಿನದನ್ನು ಹೇಳುತ್ತದೆ. ಮೋಡ ಕವಿದ ದಿನವೂ ಗಾಜಿನೊಳಗೆ ಹಗಲು ಹದಿನೆಂಟು, ಇಪ್ಪತ್ತು ಡಿಗ್ರಿ ಮುಟ್ಟುವುದುಂಟು; ಆದರೆ ತೆಳು ಗಾಜಿನ ಹೀಟರ್ ಇಲ್ಲದ ಮನೆ ಬೆಳಗಿನ ಜಾವದ ಹೊತ್ತಿಗೆ ಹೊರಗಿನಷ್ಟೇ ತಣ್ಣಗಾಗಿರುತ್ತದೆ.

ಟೊಮೆಟೊ ಗಿಡ ಹತ್ತು ಡಿಗ್ರಿಯ ರಾತ್ರಿಯನ್ನು ತಾಳಿಕೊಳ್ಳುತ್ತದೆ, ಆದರೆ ಸುಮಾರು 13 ಡಿಗ್ರಿಗಿಂತ ಕೆಳಗಿನ ರಾತ್ರಿಗಳು ಸಾಲಾಗಿ ಬಂದರೆ ಅದರ ಪರಾಗ ದುರ್ಬಲವಾಗಿ ಹೂ ಉದುರತೊಡಗುತ್ತದೆ. ಮೆಣಸಿನಕಾಯಿ ಹೆಚ್ಚುಕಡಿಮೆ ಇದೇ ಮಟ್ಟದ್ದು. ಸೌತೆ ಮತ್ತು ಬದನೆಗೆ ರಾತ್ರಿ 15 ಡಿಗ್ರಿಯಾದರೂ ಬೇಕು. ಬೆಂಡೆ ಇವೆಲ್ಲಕ್ಕಿಂತ ನಾಜೂಕು. ಅದರ ಬೀಜ ಮೊಳೆಯುವುದಕ್ಕೇ 25 ಡಿಗ್ರಿಗಿಂತ ಬೆಚ್ಚಗಿನ ಮಣ್ಣು ಹಿತ. ನನ್ನ ಸ್ಪಷ್ಟ ಅಭಿಪ್ರಾಯವೆಂದರೆ, ಬಿಸಿ ಮಾಡದ ಹಸಿರುಮನೆಯಲ್ಲಿ ಬೆಂಡೆಗೆ ಎರಡು ಕುಂಡಗಳಿಗಿಂತ ಹೆಚ್ಚು ಜಾಗ ಕೊಡಬಾರದು. ಆಸೆ ನನಗೂ ಇದೆ, ಆದರೆ ಜೂನ್‌ನಲ್ಲಿ ಗೇಣುದ್ದ ನಿಂತು ಹಳದಿಯಾದ ಹನ್ನೆರಡು ಬೆಂಡೆ ಗಿಡಗಳ ಜಾಗದಲ್ಲಿ ಆರು ಟೊಮೆಟೊ ಗಿಡಗಳು ಸೆಪ್ಟೆಂಬರ್‌ವರೆಗೆ ಹಣ್ಣು ಕೊಡುತ್ತವೆ.

ತಳಿಯ ಆಯ್ಕೆಯಲ್ಲಿ ಒಂದೇ ಸೂತ್ರ: ಹಣ್ಣು ಚಿಕ್ಕದಾದಷ್ಟೂ ಬೇಗ ಮಾಗುತ್ತದೆ. ಸನ್‌ಗೋಲ್ಡ್, ಗಾರ್ಡನರ್ಸ್ ಡಿಲೈಟ್‌ನಂಥ ಗೋಲಿ ಗಾತ್ರದ ಟೊಮೆಟೊಗಳು ಬಿಸಿಲಿಲ್ಲದ ವರ್ಷದಲ್ಲೂ ಮೋಸ ಮಾಡುವುದಿಲ್ಲ. ಅಂಗೈ ತುಂಬುವ ಬೀಫ್‌ಸ್ಟೇಕ್ ಟೊಮೆಟೊಗಳು ಅಂಥ ವರ್ಷದಲ್ಲಿ ಅಕ್ಟೋಬರ್‌ವರೆಗೂ ಹಸಿರಾಗಿಯೇ ಉಳಿಯುತ್ತವೆ. ಊರಿನಿಂದ ಬೀಜ ತರುವ ಆಸೆಯುಳ್ಳವರು ಎರಡು ಸಂಗತಿಗಳನ್ನು ನೆನಪಿಡಬೇಕು. ಟೊಮೆಟೊ, ಮೆಣಸಿನಕಾಯಿಯ ಬೀಜಗಳನ್ನು ಹೊರದೇಶದಿಂದ ಬ್ರಿಟನ್ನಿಗೆ ತರಲು ಸಸ್ಯ ಆರೋಗ್ಯ ಪ್ರಮಾಣಪತ್ರ ಬೇಕು, ಹಾಗಾಗಿ ಇಲ್ಲಿಯೇ ಕೊಳ್ಳುವುದು ಸರಿ. ಎರಡನೆಯದು ಅವರೆಯ ವಿಷಯ. ನಮ್ಮ ಸಾಂಪ್ರದಾಯಿಕ ಅವರೆ ಹಗಲು ಕಿರಿದಾದಾಗಲೇ ಹೂ ಬಿಡುವ ಬೆಳೆ. ಯಾರ್ಕ್ ನಗರದಲ್ಲಿ ಜೂನ್ ಕೊನೆಯ ಹಗಲು ಸುಮಾರು 17 ಗಂಟೆಯದ್ದು, ಬೆಂಗಳೂರಿನಲ್ಲಿ ವರ್ಷದ ಅತಿ ಉದ್ದದ ಹಗಲೂ 13 ಗಂಟೆ ಮುಟ್ಟುವುದಿಲ್ಲ. ಆದ್ದರಿಂದ ಇಲ್ಲಿ ಅವರೆ ಬಳ್ಳಿ ಸೊಂಪಾಗಿ ಹಬ್ಬಿ, ಚಳಿ ಶುರುವಾದ ಮೇಲೆ ಹೂ ಬಿಡುತ್ತದೆ. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ಹೆಬ್ಬಾಳ ಅವರೆ-3 ಮತ್ತು 4ರಂಥ ತಳಿಗಳು ಹಗಲಿನ ಅಳತೆಗೆ ಕಾಯುವುದಿಲ್ಲವಾದರೂ ಅವುಗಳಿಗೂ ಬೆಚ್ಚನೆಯ ರಾತ್ರಿ ಬೇಕೇ ಬೇಕು.

ಶಾಖವನ್ನು ಕೂಡಿಡುವುದು

ಮೋಡದ ದಿನಗಳಲ್ಲಿ ಬೆಳಕೇ ಬಂಡವಾಳ. ಗಾಜಿನ ಮೇಲಿನ ಧೂಳು, ಪಾಚಿ, ಹಕ್ಕಿಯ ಹಿಕ್ಕೆಗಳನ್ನು ಬೆಚ್ಚಗಿನ ಸೋಪಿನ ನೀರಿನಲ್ಲಿ ಒಳಗೂ ಹೊರಗೂ ತೊಳೆಯಿರಿ. ಗಾಜುಗಳು ಒಂದರ ಮೇಲೊಂದು ಕೂರುವ ಸಂದಿಯಲ್ಲಿ ಸೇರಿಕೊಂಡ ಹಸಿರು ಪಾಚಿಯನ್ನು ಪ್ಲಾಸ್ಟಿಕ್ ಪಟ್ಟಿಯಿಂದ ಕೆರೆದು ತೆಗೆಯಿರಿ. ಚಳಿಗಾಲಕ್ಕೆಂದು ಅಂಟಿಸಿದ ಬಬಲ್ ರ‍್ಯಾಪ್ ಮೇ ಕೊನೆಯ ಹೊತ್ತಿಗೂ ಗಾಜಿನ ಮೇಲಿದ್ದರೆ ಅದು ಬೆಳಕನ್ನು ತಿನ್ನುತ್ತದೆ, ತೆಗೆದುಬಿಡಿ. ಬಿಸಿಲು ತಡೆಯಲು ಗಾಜಿಗೆ ಬಳಿಯುವ ಬಿಳಿ ಲೇಪನವನ್ನು ವರ್ಷವೂ ಅಭ್ಯಾಸಬಲದಿಂದ ಬಳಿಯುವವರಿದ್ದಾರೆ. ಬಿಸಿಲು ಬಂದದ್ದನ್ನು ನೋಡಿದ ಮೇಲೆ ಬಳಿದರೂ ತಡವಾಗುವುದಿಲ್ಲ.

ಹಗಲಿನ ಶಾಖವನ್ನು ರಾತ್ರಿಗೆ ದಾಟಿಸುವ ಅಗ್ಗದ ಉಪಾಯ ನೀರು ತುಂಬಿದ ಕಪ್ಪು ಕ್ಯಾನುಗಳು. 25 ಲೀಟರಿನ ನಾಲ್ಕು ಕ್ಯಾನುಗಳನ್ನು ಉತ್ತರದ ಬದಿಯ ಗೋಡೆಗೆ ಒತ್ತಿ ಸಾಲಾಗಿ ಇಟ್ಟರೆ 100 ಲೀಟರ್ ನೀರಾಯಿತು. ಹಗಲು 20 ಡಿಗ್ರಿಗೆ ಕಾದ ಆ ನೀರು ರಾತ್ರಿ 12ಕ್ಕೆ ಇಳಿಯುವಷ್ಟರಲ್ಲಿ ಸುಮಾರು 0.9 ಯೂನಿಟ್ ವಿದ್ಯುತ್ತಿನಷ್ಟು ಶಾಖವನ್ನು ನಿಧಾನವಾಗಿ ಬಿಟ್ಟುಕೊಟ್ಟಿರುತ್ತದೆ. ಇದರಿಂದ ಇಡೀ ಮನೆ ಬೆಚ್ಚಗಾಗುವುದಿಲ್ಲ, ಆದರೆ ಕ್ಯಾನುಗಳ ಮುಂದೆಯೇ ಬದನೆ, ಸೌತೆಯ ಕುಂಡಗಳನ್ನು ಇಟ್ಟು, ಎರಡನ್ನೂ ಸೇರಿಸಿ ಸಂಜೆ ಫ್ಲೀಸ್ ಎಂಬ, ಗಿಡಗಳಿಗೆ ಹೊದಿಸುವ ತೆಳು ಬಟ್ಟೆಯನ್ನು ಹೊದಿಸಿದರೆ ಆ ಮೂಲೆ ಉಳಿದ ಕಡೆಗಿಂತ ಒಂದೆರಡು ಡಿಗ್ರಿ ಮೇಲಿರುತ್ತದೆ. ಬದನೆಗೆ ಅಷ್ಟು ಅಂತರವೇ ಹೂ ನಿಲ್ಲುವುದಕ್ಕೂ ಉದುರುವುದಕ್ಕೂ ನಡುವಿನ ಅಂತರ. ಬೆಳಿಗ್ಗೆ ಫ್ಲೀಸ್ ತೆಗೆಯಲು ಮರೆಯಬಾರದು, ಏಕೆಂದರೆ ಅದರ ಅಡಿಯಲ್ಲಿ ರಾತ್ರಿಯ ತೇವವೆಲ್ಲ ಕೂತಿರುತ್ತದೆ. ಕುಂಡಗಳನ್ನು ಕಾಂಕ್ರೀಟ್ ನೆಲದ ಮೇಲೆ ನೇರವಾಗಿ ಇಡದೆ ಒಂದು ಹಲಗೆಯ ಮೇಲೆ ಅಥವಾ ದಪ್ಪ ಥರ್ಮೊಕೋಲ್ ಹಾಳೆಯ ಮೇಲೆ ಇಟ್ಟರೆ ಬೇರಿಗೆ ನೆಲದ ಥಂಡಿ ತಾಗುವುದಿಲ್ಲ.

ಚಳಿಗಿಂತ ತೇವದ ಭಯ ಹೆಚ್ಚು

ಇಲ್ಲಿ ನಾನು ಮಾಡಿದ ತಪ್ಪನ್ನು ವಿವರವಾಗಿ ಹೇಳಬೇಕು, ಏಕೆಂದರೆ ಹೊಸಬರು ಮೊದಲ ತಂಪು ಬೇಸಿಗೆಯಲ್ಲಿ ಮಾಡುವ ತಪ್ಪು ಬಹುಪಾಲು ಇದೇ. 2024ರ ಜೂನ್ ಮೊದಲ ಎರಡು ವಾರ ಹೊರಗೆ ಚಳಿಗಾಳಿ ಬೀಸುತ್ತಿತ್ತು. ಒಳಗಿನ ಬೆಚ್ಚಗೆ ಹೊರಹೋಗದಿರಲಿ ಎಂದು ಬಾಗಿಲು, ಮಾಡಿನ ಗಾಳಿಕಿಂಡಿ ಎಲ್ಲವನ್ನೂ ಹಗಲಿರುಳು ಮುಚ್ಚಿಟ್ಟೆ. ಪ್ರತಿ ಬೆಳಿಗ್ಗೆ ಗಾಜಿನ ಒಳಮೈಯಿಂದ ಹನಿಗಳು ಜಾರಿ, ಅಲ್ಯೂಮಿನಿಯಂ ಚೌಕಟ್ಟಿನ ತುದಿಯಲ್ಲಿ ಕೂಡಿಕೊಂಡು, ಟೊಮೆಟೊ ಎಲೆಗಳ ಮೇಲೆ ಟಪಟಪನೆ ಬೀಳುತ್ತಿದ್ದವು. ನಾನದನ್ನು ಬೆಚ್ಚಗಿನ ಗುರುತೆಂದು ತಿಳಿದಿದ್ದೆ. ಹತ್ತನೆಯ ದಿನವೋ ಹನ್ನೊಂದನೆಯ ದಿನವೋ ಎಲೆ ಕಾಂಡಕ್ಕೆ ಸೇರುವಲ್ಲಿ ಹೊರಡುವ ಕಂಕುಳ ಚಿಗುರನ್ನು ಚಿವುಟಿದ್ದ ಗಾಯವೊಂದರ ಸುತ್ತ ಕಾಂಡ ಕಂದಾಗಿತ್ತು. ಬೆರಳು ತಾಗಿಸಿದೊಡನೆ ಅದರ ಮೇಲಿನ ಬೂದುಬಣ್ಣದ ಬೂಷ್ಟಿನಿಂದ ಹೊಗೆಯಂಥ ಪುಡಿ ಎದ್ದಿತು. ಆ ವಾರವೇ ಮೂರು ಗಿಡಗಳು ಆ ಗಾಯದ ಮೇಲ್ಭಾಗಕ್ಕೆಲ್ಲ ಬಾಡಿಹೋದವು.

ಇದು ಬೊಟ್ರೈಟಿಸ್ ಎಂಬ ಬೂದು ಬೂಷ್ಟು. ಚಳಿ ಗಿಡದ ಬೆಳವಣಿಗೆಯನ್ನು ನಿಧಾನಿಸುತ್ತದೆ, ಬಿಸಿಲು ಬಂದರೆ ಗಿಡ ಚೇತರಿಸಿಕೊಳ್ಳುತ್ತದೆ. ಬೂಷ್ಟು ತಗುಲಿದ ಕಾಂಡಕ್ಕೆ ಆ ಅವಕಾಶವಿಲ್ಲ. ಆದ್ದರಿಂದ ಬೆಳಿಗ್ಗೆ ಎಂಟರ ಹೊತ್ತಿಗೆ, ಹೊರಗೆ ಹನ್ನೆರಡು ಡಿಗ್ರಿಯೇ ಇರಲಿ, ಮಾಡಿನ ಗಾಳಿಕಿಂಡಿಯನ್ನು ಎರಡು ಬೆರಳಿನಷ್ಟಾದರೂ ತೆರೆದು, ಒಂದರ್ಧ ಗಂಟೆ ಬಾಗಿಲನ್ನೂ ತೆರೆದಿಟ್ಟು ರಾತ್ರಿಯ ತೇವದ ಗಾಳಿಯನ್ನು ಹೊರಗೆ ಹಾಕಬೇಕು. ಆ ಅರ್ಧ ಗಂಟೆಯಲ್ಲಿ ಕಳೆದುಕೊಳ್ಳುವ ಶಾಖ ಮಧ್ಯಾಹ್ನದೊಳಗೆ ಮರಳಿ ಬರುತ್ತದೆ. ಸಂಜೆ ನಾಲ್ಕೈದರ ಹೊತ್ತಿಗೆ, ಒಳಗೆ ಇನ್ನೂ ಬೆಚ್ಚಗಿರುವಾಗಲೇ, ಬಾಗಿಲು ಮುಚ್ಚಿ. ಮೇಣ ತುಂಬಿದ ಕೊಳವೆಯಿಂದ ತಾನಾಗಿ ತೆರೆದುಕೊಳ್ಳುವ ಕಿಂಡಿ ಇದ್ದವರು ಅದನ್ನೇ ಪೂರ್ತಿ ನಂಬಬಾರದು. ಅದು ಶಾಖಕ್ಕೆ ತೆರೆಯುತ್ತದೆಯೇ ಹೊರತು ತೇವ ಅದಕ್ಕೆ ತಿಳಿಯುವುದಿಲ್ಲ, ಮೋಡದ ದಿನವಿಡೀ ಮುಚ್ಚಿಯೇ ಇರುತ್ತದೆ.

ಗಿಡಗಳ ನಡುವೆ ಗಾಳಿ ಆಡುವಂತೆ ಬೇಸಿಗೆ ಚೆನ್ನಾಗಿರುವ ವರ್ಷಕ್ಕಿಂತ ಕಡಿಮೆ ಗಿಡ ನೆಡಿ. ಆರು ಅಡಿಗೆ ಎಂಟು ಅಡಿಯ ಮನೆಯಲ್ಲಿ ಆರು ಟೊಮೆಟೊ, ಒಂದು ಸೌತೆ, ಎರಡು ಬದನೆ, ಮೂರು ಮೆಣಸಿನ ಗಿಡ ಸಾಕು. ಕೆಳಗಿನ ಗೊಂಚಲಿನ ಕಾಯಿ ಬಲಿತ ಮೇಲೆ ಅದಕ್ಕಿಂತ ಕೆಳಗಿನ ಎಲೆಗಳನ್ನೆಲ್ಲ ತೆಗೆಯಿರಿ. ಎಲೆ ಕೀಳುವುದೂ ಚಿಗುರು ಚಿವುಟುವುದೂ ಒಣಗಿದ ದಿನದ ಬೆಳಗಿನ ಕೆಲಸ. ಗಾಯ ಸಂಜೆಯೊಳಗೆ ಒಣಗಬೇಕು. ಉದುರಿದ ಹೂ, ಹಳದಿ ಎಲೆಗಳನ್ನು ನೆಲದಲ್ಲಿ ಬಿಡಬೇಡಿ.

ನೀರು ಮತ್ತು ಗೊಬ್ಬರ

ಊರಿನಲ್ಲಿ ನಾವು ಬಿಸಿಲು ಇಳಿದ ಮೇಲೆ ಪಾತಿಗೆ ನೀರು ಬಿಡುತ್ತೇವೆ, ಅದೇ ಅಲ್ಲಿ ಸರಿಯಾದ ಕ್ರಮ. ಇಲ್ಲಿ ತಂಪು ಬೇಸಿಗೆಯಲ್ಲಿ ಸಂಜೆ ಹಾಕಿದ ನೀರು ರಾತ್ರಿಯೆಲ್ಲ ಆವಿಯಾಗಿ ಗಾಜಿಗೆ ಹತ್ತಿ ಮತ್ತೆ ಎಲೆಯ ಮೇಲೆ ಬೀಳುತ್ತದೆ, ಬೇರನ್ನೂ ತಣ್ಣಗೆ ಮಾಡುತ್ತದೆ. ನೀರನ್ನು ಬೆಳಿಗ್ಗೆಯೇ, ಎಲೆ ನೆನೆಯದಂತೆ ಬುಡಕ್ಕೆ ಮಾತ್ರ ಹಾಕಿ. ಮಳೆನೀರಿನ ಪೀಪಾಯಿಯಿಂದ ನೇರವಾಗಿ ತಂದ ತಣ್ಣೀರು ಸೌತೆಯ ಬೇರಿಗೆ ಆಘಾತವನ್ನೇ ಮಾಡುತ್ತದೆ. ಹಿಂದಿನ ದಿನವೇ ನೀರಿನ ಡಬ್ಬಿ ತುಂಬಿ ಹಸಿರುಮನೆಯೊಳಗೆ ಇಟ್ಟಿದ್ದರೆ ಮರುದಿನಕ್ಕೆ ಅದರ ಥಂಡಿ ಮುರಿದಿರುತ್ತದೆ.

ಎಷ್ಟು ಹಾಕಬೇಕು ಎಂಬುದಕ್ಕೆ ದಿನದ ಲೆಕ್ಕ ಇಟ್ಟುಕೊಳ್ಳಬೇಡಿ. ಕುಂಡವನ್ನು ಎತ್ತಿ ಭಾರ ನೋಡಿ, ಅಥವಾ ಬೆರಳನ್ನು ಎರಡನೆಯ ಗೆಣ್ಣಿನವರೆಗೆ ಮಣ್ಣಿಗೆ ತೂರಿಸಿ ನೋಡಿ. ಬಿಸಿಲಿನಲ್ಲಿ ದಿನಕ್ಕೆರಡು ಬಾರಿ ನೀರು ಕೇಳುವ ಟೊಮೆಟೊ ಗಿಡ ಮೋಡದ ವಾರದಲ್ಲಿ ಮೂರು ದಿನಕ್ಕೊಮ್ಮೆ ಕುಡಿದರೂ ಸುಖವಾಗಿರುತ್ತದೆ. ಎಲೆಯ ಅಡಿಯಲ್ಲಿ ಗುಳ್ಳೆಯಂಥ ಗಂಟುಗಳು ಎದ್ದರೆ ಅದು ರೋಗವಲ್ಲ, ಬೇರು ಹೀರಿದ್ದನ್ನು ಎಲೆ ಆವಿಯಾಗಿಸಲು ಆಗದೆ ಉಬ್ಬಿದ್ದು. ನೀರು ಕಡಿಮೆ ಮಾಡಿ, ಗಾಳಿ ಹೆಚ್ಚಿಸಿ. ಹಾಗೆಂದು ಪೂರ್ತಿ ಒಣಗಿಸಿ ಒಮ್ಮೆಲೇ ಸುರಿದರೆ ಕಾಯಿಗೆ ಸುಣ್ಣದ ಅಂಶ ಸರಿಯಾಗಿ ಮುಟ್ಟದೆ ತಳ ಕಪ್ಪಾಗುತ್ತದೆ, ಹಣ್ಣು ಸೀಳುತ್ತದೆ.

ಬೆಳಕು ಕಡಿಮೆಯಿರುವಾಗ ಸಾರಜನಕ ಹೆಚ್ಚಾದರೆ ಗಿಡ ಎಲೆಯಲ್ಲೇ ಕೊಬ್ಬುತ್ತದೆ. ತುದಿಯ ಕಾಂಡ ಪೆನ್ಸಿಲ್‌ನಷ್ಟು ದಪ್ಪವಿದ್ದರೆ ಸರಿ. ಹೆಬ್ಬೆರಳಿನಷ್ಟಾಗಿ ಎಲೆಗಳು ಒಳಕ್ಕೆ ಮುದುರಿಕೊಂಡರೆ ಗೊಬ್ಬರ ನಿಲ್ಲಿಸಿ. ಮೊದಲ ಗೊಂಚಲಿನಲ್ಲಿ ಕಾಯಿ ಕಂಡ ಮೇಲೆಯೇ ಪೊಟ್ಯಾಶ್ ಹೆಚ್ಚಿರುವ ಟೊಮೆಟೊ ಗೊಬ್ಬರವನ್ನು ವಾರಕ್ಕೊಮ್ಮೆ ಕೊಡಲು ಆರಂಭಿಸಬೇಕು. ಜೂನ್‌ನಲ್ಲಿ ಎಳೆಯ ಗಿಡದ ಎಲೆಯಡಿ ನೇರಳೆ ಬಣ್ಣ ಕಂಡರೆ ಗಾಬರಿಯಾಗಬೇಡಿ, ತಣ್ಣನೆಯ ಮಣ್ಣಿನಿಂದ ಬೇರಿಗೆ ರಂಜಕ ಎಳೆದುಕೊಳ್ಳಲು ಆಗುತ್ತಿಲ್ಲ ಅಷ್ಟೆ. ಮಣ್ಣು ಬೆಚ್ಚಗಾದಂತೆ ಅದು ಹೋಗುತ್ತದೆ. ಜುಲೈಯಲ್ಲಿ ಕೆಳಗಿನ ಎಲೆಗಳ ನರ ಹಸಿರಾಗಿಯೇ ಉಳಿದು ನಡುಭಾಗ ಹಳದಿಯಾದರೆ ಮೆಗ್ನೀಷಿಯಂ ಕೊರತೆ. ಪೊಟ್ಯಾಶ್ ಹೆಚ್ಚು ಕೊಟ್ಟಾಗ ಇದು ಬರುವುದು ಸಾಮಾನ್ಯ. ಒಂದು ಲೀಟರ್ ನೀರಿಗೆ 20 ಗ್ರಾಂ ಎಪ್ಸಮ್ ಉಪ್ಪು ಕರಗಿಸಿ ಹದಿನೈದು ದಿನಕ್ಕೊಮ್ಮೆ ಎಲೆಗೆ ಸಿಂಪಡಿಸಿ, ಅದನ್ನೂ ಬೆಳಗಿನ ಹೊತ್ತೇ, ಎಲೆ ಬೇಗ ಒಣಗುವ ದಿನ ನೋಡಿ.

ಹೂವಿನಿಂದ ಕಾಯಿಗೆ

ಟೊಮೆಟೊ ಹೂವಿನಲ್ಲಿ ಗಂಡು, ಹೆಣ್ಣು ಭಾಗಗಳೆರಡೂ ಇವೆ. ಅದಕ್ಕೆ ಬೇಕಾದದ್ದು ಅಲುಗಾಟ ಮಾತ್ರ. ಬಿಸಿಲಿನ ದಿನ ಆ ಕೆಲಸವನ್ನು ದುಂಬಿಗಳು ಹೂವನ್ನು ತಬ್ಬಿ ಝೇಂಕರಿಸಿ ಮಾಡುತ್ತವೆ. ಬಾಗಿಲು ಮುಚ್ಚಿದ ಥಂಡಿ ದಿನಗಳಲ್ಲಿ ಅದು ನಮ್ಮ ಪಾಲಿಗೆ ಬರುತ್ತದೆ. ಹನ್ನೊಂದರಿಂದ ಎರಡು ಗಂಟೆಯ ನಡುವೆ, ಒಳಗಿನ ಗಾಳಿ ಸ್ವಲ್ಪ ಒಣಗಿ ಪರಾಗ ಉದುರುವಂತಾದಾಗ, ಗೊಂಚಲಿನ ತೊಟ್ಟಿನ ಹಿಂಬದಿಯನ್ನು ಬೆರಳಿನಿಂದ ಎರಡು ಮೂರು ಬಾರಿ ಮಿಡಿಯಿರಿ. ಬ್ಯಾಟರಿಯ ಹಲ್ಲುಜ್ಜುವ ಬ್ರಷ್ಷಿನ ಹಿಂಭಾಗವನ್ನು ತೊಟ್ಟಿಗೆ ತಾಗಿಸಿದರೆ ಇನ್ನೂ ಒಳ್ಳೆಯದು. ಮೋಡದ ನಡುವೆ ಒಂದು ಕ್ಷಣ ಬಿಸಿಲು ಬಂದಾಗ ಹೀಗೆ ಮಾಡಿದರೆ ಹೂವಿನ ಬಾಯಿಯಿಂದ ಅರಿಶಿನದ ಧೂಳಿನಂಥ ಪರಾಗ ಇಳಿಯುವುದು ಕಣ್ಣಿಗೇ ಕಾಣುತ್ತದೆ. ಧೂಳು ಕಂಡ ಗೊಂಚಲು ಕಾಯಿ ಕಟ್ಟುತ್ತದೆ ಎಂದು ನಾನು ಧೈರ್ಯವಾಗಿ ಹೇಳಬಲ್ಲೆ.

ಬದನೆಗೂ ಇದೇ ಕ್ರಮ. ಇಲ್ಲಿನ ಹಸಿರುಮನೆಗೆಂದೇ ಮಾರುವ, ಹೆಣ್ಣುಹೂ ಮಾತ್ರ ಬಿಡುವ ಸೌತೆಗೆ ಪರಾಗವೇ ಬೇಡ. ಹೀರೆ, ಸೋರೆ ಬೆಳೆಸುವ ಛಲವಿದ್ದವರು ಮಾತ್ರ ಒಂದು ಸಂಗತಿ ತಿಳಿದಿರಬೇಕು: ಇವುಗಳ ಹೂ ಅರಳುವುದು ಸಂಜೆ. ಬೆಳಿಗ್ಗೆ ಹೋಗಿ ನೋಡಿದರೆ ಹೊತ್ತು ಮೀರಿರುತ್ತದೆ. ಊಟಕ್ಕೆ ಮುಂಚೆ ಒಮ್ಮೆ ಹೋಗಿ, ಗಂಡುಹೂವನ್ನು ಕಿತ್ತು ದಳ ಬಿಡಿಸಿ, ಪುಟ್ಟ ಮಿಡಿ ಹೊತ್ತ ಹೆಣ್ಣುಹೂವಿನ ನಡುವಿಗೆ ಮೃದುವಾಗಿ ಉಜ್ಜಿ ಬನ್ನಿ.

ಅಂಗಮಾರಿ

ತಂಪು, ಮಳೆಯ ಬೇಸಿಗೆಯ ದೊಡ್ಡ ಶತ್ರು ಆಲೂಗಡ್ಡೆ, ಟೊಮೆಟೊಗಳ ಅಂಗಮಾರಿ ರೋಗ. ಸ್ಕಾಟ್ಲೆಂಡಿನ ಜೇಮ್ಸ್ ಹಟನ್ ಸಂಸ್ಥೆಯ ಸಂಶೋಧನೆಯಿಂದ ರೂಪುಗೊಂಡ ಹಟನ್ ಮಾನದಂಡವನ್ನು ಇಲ್ಲಿ 2017ರಿಂದ ಮುನ್ನೆಚ್ಚರಿಕೆಗೆ ಬಳಸುತ್ತಾರೆ. ಸತತ ಎರಡು ದಿನ ಕನಿಷ್ಠ ಉಷ್ಣಾಂಶ 10 ಡಿಗ್ರಿಗಿಂತ ಇಳಿಯದೆ, ಪ್ರತಿದಿನ ಆರು ಗಂಟೆಯಾದರೂ ಗಾಳಿಯ ತೇವಾಂಶ ಶೇ 90ರಷ್ಟಿದ್ದರೆ ರೋಗ ಹರಡುವ ವಾತಾವರಣ ಸಿದ್ಧವಾಯಿತು ಎಂದರ್ಥ. ಗಾಜಿನೊಳಗಿನ ಗಿಡಕ್ಕೆ ಇರುವ ದೊಡ್ಡ ರಕ್ಷಣೆ ಮಳೆ ತಾಗದಿರುವುದು. ಎಲೆಯನ್ನು ನಾವೇ ಒದ್ದೆ ಮಾಡಿದರೆ ಅದನ್ನು ಕೈಯಾರೆ ಕಳೆದುಕೊಂಡಂತೆ. ಹಸಿರುಮನೆಯ ಬಾಗಿಲ ಬಳಿ ಆಲೂಗಡ್ಡೆ ಹಾಕಬೇಡಿ. ಎಲೆಯಲ್ಲಿ ಕಂದು ಮಚ್ಚೆ, ಅದರ ಅಡಿಯಲ್ಲಿ ಬಿಳಿ ಬೂಷ್ಟಿನ ಅಂಚು ಕಂಡರೆ ಆ ಗಿಡವನ್ನು ಆಗಲೇ ಚೀಲದಲ್ಲಿ ಮುಚ್ಚಿ ಹೊರಗೆ ಒಯ್ಯಿರಿ. ಮನೆತೋಟದವರಿಗೆ ಇದಕ್ಕೆ ಸಿಂಪಡಿಸುವ ಔಷಧಿ ಇಲ್ಲಿ ಸಿಗುವುದಿಲ್ಲ. ಪ್ರತಿ ವರ್ಷ ರೋಗ ಬರುವ ಪ್ರದೇಶದವರು ಕ್ರಿಮ್ಸನ್ ಕ್ರಷ್, ಮೌಂಟನ್ ಮ್ಯಾಜಿಕ್‌ನಂಥ ನಿರೋಧಕ ತಳಿಗಳನ್ನು ನೆಡುವುದು ಜಾಣತನ.

ಕುಡಿ ಚಿವುಟುವ ಹೊತ್ತು

ಒಳ್ಳೆಯ ವರ್ಷದಲ್ಲಿ ಟೊಮೆಟೊ ಗಿಡವನ್ನು ಏಳು ಗೊಂಚಲಿನವರೆಗೆ ಬಿಡಬಹುದು. ತಂಪು ವರ್ಷದಲ್ಲಿ ನಾನು ನಾಲ್ಕು, ಹೆಚ್ಚೆಂದರೆ ಐದು ಗೊಂಚಲಿಗೆ, ಆಗಸ್ಟ್ ಮೊದಲ ವಾರದೊಳಗೆ ಕುಡಿ ಚಿವುಟುತ್ತೇನೆ, ಮೇಲಿನ ಗೊಂಚಲಿನ ನಂತರ ಎರಡು ಎಲೆ ಉಳಿಸಿ. ಹೂ ತುಂಬಿದ ತುದಿಯನ್ನು ಕೀಳುವುದಕ್ಕೆ ಮನಸ್ಸು ಬರುವುದಿಲ್ಲ, ಆದರೆ ಆಗಸ್ಟ್‌ನಲ್ಲಿ ಬಿಟ್ಟ ಹೂ ಹಣ್ಣಾಗಲು ಎರಡು ತಿಂಗಳು ಬೇಕು, ಅಷ್ಟು ಬೆಚ್ಚನೆಯ ದಿನಗಳು ಮುಂದೆ ಉಳಿದಿರುವುದಿಲ್ಲ. ಬದನೆಯಲ್ಲಿ ಗಿಡಕ್ಕೆ ನಾಲ್ಕೈದು ಕಾಯಿ ನಿಂತ ಮೇಲೆ ಉಳಿದ ಹೂಗಳನ್ನು ತೆಗೆಯಿರಿ. ಮೆಣಸಿನಕಾಯಿ ಕೆಂಪಾಗಲಿ ಎಂದು ಕಾಯದೆ ಹಸಿರಿರುವಾಗಲೇ ಕೊಯ್ದರೆ ಗಿಡ ಮತ್ತೆ ಹೂ ಬಿಡುತ್ತದೆ, ನಮ್ಮ ಅಡುಗೆಗೆ ಬೇಕಾದದ್ದೂ ಹಸಿ ಮೆಣಸಿನಕಾಯಿಯೇ.

ಟೊಮೆಟೊ ಗಿಡದಲ್ಲೇ ಪೂರ್ತಿ ಹಣ್ಣಾಗಬೇಕೆಂಬ ಹಠ ಬೇಡ. ಹಸಿರು ತಿರುಗಿ ತುದಿಯಲ್ಲಿ ಕಿತ್ತಳೆ ಛಾಯೆ ಕಂಡ ದೋರಗಾಯಿಯನ್ನು ಕೊಯ್ದು ಅಡುಗೆಮನೆಯಲ್ಲಿ 18ರಿಂದ 20 ಡಿಗ್ರಿ ಇರುವ ಕಡೆ ಇಟ್ಟರೆ ಚೆನ್ನಾಗಿ ಮಾಗುತ್ತದೆ. ಜೊತೆಗೊಂದು ಬಾಳೆಹಣ್ಣು ಇಟ್ಟು ಕಾಗದದ ಚೀಲ ಮಡಿಚಿದರೆ, ಅದು ಬಿಡುವ ಎಥಿಲೀನ್ ಅನಿಲದಿಂದ ಇನ್ನೂ ಬೇಗ. ಹತ್ತು ಡಿಗ್ರಿಗಿಂತ ಕೆಳಗೆ ಕೆಂಪು ಬಣ್ಣ ಸರಿಯಾಗಿ ಮೂಡುವುದಿಲ್ಲ, ಆದ್ದರಿಂದ ಫ್ರಿಜ್ ಬೇಡ. ಕೊನೆಗೂ ತಿರುಗದ ಹಸಿ ಕಾಯಿಗಳನ್ನು ಹೆಚ್ಚಿ, ಹುರಿದ ಎಳ್ಳು, ಒಣಮೆಣಸಿನಕಾಯಿ, ಚೂರು ಬೆಲ್ಲ ಹಾಕಿ ಗೊಜ್ಜು ಮಾಡಿದರೆ ಹುಣಸೆಹಣ್ಣೇ ಬೇಕಾಗುವುದಿಲ್ಲ. ನನ್ನ ಮನೆಯಲ್ಲಿ ಇದಕ್ಕಾಗಿಯೇ ಒಂದಷ್ಟು ಕಾಯಿ ಎತ್ತಿಡುತ್ತೇವೆ.

ತಂಪು ಬೇಸಿಗೆಗೆ ತಕ್ಕ ಬೆಳೆಗಳೂ ಇವೆ, ಅವನ್ನು ಮರೆಯಬಾರದು. ಬಿಸಿಲಿನ ವರ್ಷದಲ್ಲಿ ಬಹುಬೇಗ ಹೂ ಬಿಟ್ಟು ಕೆಡುವ ಕೊತ್ತಂಬರಿ ಇಂಥ ವರ್ಷ ತಿಂಗಳುಗಟ್ಟಲೆ ಎಲೆ ಕೊಡುತ್ತದೆ. ಸಬ್ಬಸಿಗೆ, ಮೆಂತ್ಯ, ಪಾಲಕ್, ಮೂಲಂಗಿ ಇವೆಲ್ಲಕ್ಕೂ ಹದಿನೈದು ಡಿಗ್ರಿ ಸಾಕು. ಅಡುಗೆಮನೆಯ ಡಬ್ಬಿಯ ಮೆಂತ್ಯಕಾಳನ್ನೇ ಒಂದು ರಾತ್ರಿ ನೆನೆಸಿ ಬಿತ್ತಬಹುದು. ಆಗಸ್ಟ್ ನಡುವಿನಲ್ಲಿ ಸೋತ ಸೌತೆ ಬಳ್ಳಿಯನ್ನು ಕಿತ್ತು, ಅದೇ ಕುಂಡದ ಮಣ್ಣನ್ನು ಸಡಿಲಿಸಿ, ಬೆರಳಗಲದ ಅಂತರದಲ್ಲಿ ಕಾಳು ಉದುರಿಸಿ ಮೇಲೆ ತೆಳುವಾಗಿ ಮಣ್ಣು ಮುಚ್ಚಿ. ಆರು ವಾರದೊಳಗೆ ಮೊದಲ ಕೊಯ್ಲು ಸಿಗುತ್ತದೆ. ಕತ್ತರಿಯಿಂದ ಎರಡು ಎಲೆ ಬಿಟ್ಟು ಮೇಲಷ್ಟೇ ಕೊಯ್ದರೆ, ಅಕ್ಟೋಬರ್‌ನಲ್ಲಿ ಇನ್ನೊಮ್ಮೆ ಚಿಗುರುತ್ತದೆ.